ಹೊಸ ಎಲೆ

ಅಮ್ಮ ಬರೆದದ್ದು ಒಂದೇ ಕಾದಂಬರಿ. ಮದರಾಸಿನಲ್ಲಿ ಕೂತು ಕನ್ನಡದಲ್ಲಿ ಬರೆದರೆ ಓದುವವರಾರು? ಸ್ವಂತ ಮೊಮ್ಮಕ್ಕಳೇ ತಮಿಳಿನಲ್ಲಿ ಉತ್ತರ ಕೊಡುತ್ತವೆ. ಅದರ ಇಂಗ್ಲಿಷ್ ಅನುವಾದ ಹೇಗೋ ಹಾಲೆಂಡಿನ ವಯಸ್ಸಾದ ನಿರ್ದೇಶಕರೊಬ್ಬರ ಕೈಸೇರಿತು. ಜೀವಮಾನವೆಲ್ಲ ಕಾದಂಬರಿಗಳನ್ನೇ ಸಿನಿಮಾ ಮಾಡಿದವರು. ಮೊದಮೊದಲಿನವನ್ನು ಅವರ ದೇಶದ ಜನ ಮುಗಿಬಿದ್ದು ನೋಡಿದರಂತೆ. ಈಚಿನವನ್ನು ನಾಯಿಯೂ ಮೂಸಲಿಲ್ಲವಂತೆ. ನುಂಗಂಬಾಕ್ಕಂನ ನಮ್ಮ ಮನೆಗೆ ಬಂದವರು, ಇದೇ ನನ್ನ ಕಡೆಯ ಚಿತ್ರ ಅಂದರು. ಅಮ್ಮನ ಸಂಭ್ರಮ ಕೇಳಬೇಕೆ!

ಕಥೆ ಇಷ್ಟೇ. ದಿನವೂ ಗಂಡ ಉಂಡೆದ್ದ ಎಂಜಲೆಲೆಯಲ್ಲೇ ಉಣ್ಣುವ ಹೆಂಗಸು. ನಮ್ಮವರಲ್ಲಿ ಅದಕ್ಕೆ ಪಾತಿವ್ರತ್ಯ ಅಂತ ಹೆಸರು, ಸುಡಲಿ. ಒಂದು ಮಧ್ಯಾಹ್ನ ಅವಳು ಆ ಎಲೆಯನ್ನೆತ್ತಿ ಬಿಸಾಕಿ, ಹೊಸ ಎಲೆ ಹಾಕಿಕೊಂಡು ಉಣ್ಣುತ್ತಾಳೆ. ಮಾತಿಲ್ಲ, ಅಳುವಿಲ್ಲ.

"ಆ ಎಲೆ ಒಂದು ಸರಿಯಾಗಿ ಬಂದ್ಬಿಟ್ರೆ ಸಾಕು ಕಣೆ," ಎಂದು ಅಮ್ಮ ತಿಂಗಳುಗಟ್ಟಲೆ ಜಪಿಸಿದಳು. ಶೂಟಿಂಗ್ ಪಲ್ಲಾವರಂನ ಹಳೇ ಮನೆಯೊಂದರಲ್ಲಿ. ಅವಳಿಗೆ ಮಂಡಿನೋವು, ನಾವು ಹೋಗಲಿಲ್ಲ.

ಸಿನಿಮಾ ಮುಗಿದ ಮೇಲೆ ನಮ್ಮನ್ನು ಕರೆದು ತೋರಿಸಿದರು. ಮೊದಲ ಊಟದಲ್ಲಿ ಗಂಡ ಎದ್ದ, ಹೆಂಡತಿ ಕೂತಳು. ಅವಳ ಮುಂದೆ ತೊಳೆದ ಹಸಿರು ಎಲೆ! ಮುಂದಿನ ಊಟದಲ್ಲೂ ಅದೇ. ಕೊನೆಗೆ ಅವಳು ಎಲೆ ಬದಲಿಸಿದಾಗ ಯಾರಿಗೆ ಏನು ತಿಳಿಯಬೇಕು? ನನ್ನ ಕೈ ಹಿಡಿದಿದ್ದ ಅಮ್ಮನ ಕೈ ಸಡಿಲವಾಯಿತು.

ಶೂಟಿಂಗಿನಲ್ಲಿ ಊಟ ಬಡಿಸಿದ್ದ ಉಡುಪಿ ಕಡೆಯ ಹೋಟೆಲಿನವರೊಬ್ಬರು ಹೊರಗೆ ಸಿಕ್ಕರು. "ಏನ್ರೀ ಇದು, ಎಂಜಲೆಲೆ ಎಲ್ಲಿ?" ಎಂದೆ.

"ಎಂಥ ಮೇಡಂ ನೀವು! ಅಷ್ಟು ದೊಡ್ಡ ಹೀರೋಯಿನ್ನಿಗೆ ಎಂಜಲೆಲೆಯಲ್ಲಿ ಬಡಿಸ್ಲಿಕ್ಕುಂಟಾ? ಪ್ರತಿ ಸಲ ನಾನೇ ಬದ್ಲು ಮಾಡಿದ್ದು," ಎಂದರು ಹೆಮ್ಮೆಯಿಂದ. ಪುಸ್ತಕ ಅವರು ಓದಿರಲಿಲ್ಲ. ಓದಿದ್ದ ನಿರ್ದೇಶಕರು ನಟಿಯ ಮುಖವನ್ನೇ ನೋಡುತ್ತಿದ್ದರಂತೆ.

ಅಷ್ಟರಲ್ಲಿ ನಿರ್ದೇಶಕರೇ ಬಂದು ಅಮ್ಮನ ಕೈ ಹಿಡಿದುಕೊಂಡರು. ಎಲೆಯ ದೃಶ್ಯ ಹೇಗಿತ್ತು ಎಂದು ಕೇಳುವಾಗ ಅವರ ಕಣ್ಣು ಒದ್ದೆಯಾಗಿತ್ತು. ನಾನು ಬಾಯಿ ತೆರೆದೆ. ಅಮ್ಮ ಚಿವುಟಿದಳು.

"ಚೆನ್ನಾಗಿತ್ತು ಅನ್ನು. ಪಾಪ, ಇದೇ ಕಡೇದು ಅವರಿಗೆ."

ಹಲ್ಲು ಕಚ್ಚಿಕೊಂಡು ಹೇಳಿದೆ.

ಆಟೋದಲ್ಲಿ ನಾನು ಎಲ್ಲರಿಗೂ ಶಾಪ ಹಾಕುತ್ತಲೇ ಬಂದೆ. ಅಮ್ಮ ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ಕುರ್ಚಿಯಲ್ಲಿ ಕುಸಿದಳು.

"ನಮ್ಮಮ್ಮ ಬದುಕಿರೋವರೆಗೂ ಒಂದಿನಾನೂ ಹೊಸ ಎಲೆ ಕಂಡೋಳಲ್ಲ ಕಣೆ," ಎಂದಳು. "ಪುಸ್ತಕದಲ್ಲಾದ್ರೂ ಒಂದು ಹಾಕ್ಕೊಟ್ಟಿದ್ದೆ."