ಗಾಡಿಯ ಮುಖಕ್ಕೊಂದು ಬಟ್ಟೆ

ವಿನೋಬನಗರದ ಗ್ಯಾರೇಜಿಗೆ ಯಾವ ಕಾರು ಬಂದರೂ ದಾದಾಪೀರ್ ಚಾಚಾ ಮೊದಲು ಹೆಗಲ ಮೇಲಿನ ಎಣ್ಣೆಬಟ್ಟೆ ತೆಗೆದು, ಅದರ ಮೂತಿಯ ಮೇಲಿನ ಕಂಪನಿಯ ಗುರುತನ್ನು ಮುಚ್ಚುತ್ತಿದ್ದರು. ಆಮೇಲೆಯೇ ಎಂಜಿನ್ ಚಾಲೂ ಮಾಡಿಸಿ ಕಿವಿಗೊಡುತ್ತಿದ್ದರು. ಯಾವ ಕಂಪನಿಯದೆಂದು ಅವರಿಗೆ ಶಬ್ದದಲ್ಲೇ ತಿಳಿಯುತ್ತಿತ್ತು, ಅದು ಬೇರೆ ಮಾತು. ಗಿರಾಕಿಗಳು ನಕ್ಕರೆ, "ಮುಖ ನೋಡಿ ಮಣೆ ಹಾಕಬಾರ್ದ್ರಿ. ಗಾಡಿಗೂ ಅಷ್ಟೇ, ಮನುಷ್ಯಾಗೂ ಅಷ್ಟೇ" ಎನ್ನುತ್ತಿದ್ದರು.

ಯಾರಾದರೂ ಮೊಬೈಲಿನಲ್ಲಿ ವಿಡಿಯೊ ತೋರಿಸಿ ತಮ್ಮ ಕಾರಿನ ರೋಗ ಇಂಥದೇ ಎಂದರೆ, "ಹಂಗಾದ್ರೆ ರಿಪೇರಿನೂ ಅವ್ರತ್ರನೇ ಮಾಡಿಸ್ಕೊಳ್ರಿ, ನಾ ಚಾ ಕುಡ್ಯಾಕೆ ಹೋಗ್ತೀನಿ" ಎಂದು ಎದ್ದುಬಿಡುತ್ತಿದ್ದರು.

ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವನು ನಾನೇ ಮೊದಲು. ಅಪ್ಪ ಮೂಟೆ ಹೊತ್ತು ಓದಿಸಿದ. ಊರಿನ ಪತ್ರಿಕೆಯೊಂದರಲ್ಲಿ ಕೆಲಸ ಸಿಕ್ಕಿ, ವಾರಕ್ಕೊಮ್ಮೆ ಬರುವ ವಾಹನ ಪುಟ ನನ್ನ ಪಾಲಿಗೆ ಬಂತು. ಸ್ಟೇರಿಂಗನ್ನೇ ಮುಟ್ಟದವನಿಗೆ ಎಂಜಿನ್ ಅಂದರೇನೆಂದು ಹೇಳಿಕೊಟ್ಟವರು ಅಪ್ಪನ ಗೆಳೆಯರಾದ ಈ ಚಾಚಾ. ನನ್ನ ಹೆಸರಿದ್ದ ಬರಹವನ್ನೆಲ್ಲ ಕತ್ತರಿಸಿ ಗ್ಯಾರೇಜಿನ ಗೋಡೆಗೆ ಅಂಟಿಸುತ್ತಿದ್ದರು. "ನಮ್ ಹುಡುಗ ಬರ್ದಿದ್ದು, ಓದ್ರಿ."

ಒಮ್ಮೆ ಒಂದು ಕಂಪನಿಯ ಕಾರಿನ ಬಗ್ಗೆ 'ದಾರಿಯಲ್ಲಿ ಕೈಕೊಡುವ ಕಾರು' ಎಂದು ಬರೆದೆ. ಆಧಾರ ಎರಡು ದೂರು, ಒಂದು ವಿಡಿಯೊ. ಚಾಚಾರನ್ನು ಕೇಳಲಿಲ್ಲ. ಅದೂ ಗೋಡೆಗೇರಿತು. ತಿಂಗಳಾದ ಮೇಲೆ ಅವರೇ ಕರೆಸಿದರು.

"ತಮ್ಮಾ, ಆ ಎರಡೂ ಗಾಡಿ ನನ್ನತ್ರನೇ ಬಂದಿದ್ವು. ಒಂದರ ವೈರು ಇಲಿ ಕಡಿದಿತ್ತು. ಇನ್ನೊಂದಕ್ಕೆ ಪುಣ್ಯಾತ್ಮ ನೀರೇ ಹಾಕಿದ್ದಿಲ್ಲ. ಹೆಸ್ರಿದ್ದ ಗಾಡಿ ಕೆಟ್ರೆ ರಸ್ತೆ ಸರಿ ಇಲ್ಲ ಅಂತೀರಿ, ಹೆಸ್ರಿಲ್ಲದ್ದು ಕೆಟ್ರೆ ಕಂಪನೀನೇ ಸರಿ ಇಲ್ಲ ಅಂತೀರಿ. ಹೆಂಗಪ್ಪ ಇದು?"

ಅವರ ಅಳಿಯ ರಿಯಾಜ್ ಹರಿಹರದಲ್ಲಿ ಓಡಿಸುತ್ತಿದ್ದ ಟ್ಯಾಕ್ಸಿ ಅದೇ ಕಂಪನಿಯದು. ಚಾಚಾರ ಮಾತಿನ ಮೇಲೆ ಕೊಂಡದ್ದು. ಕಾಯಂ ಕರೆಯುತ್ತಿದ್ದ ಕಾರ್ಖಾನೆಯವರು ನನ್ನ ಬರಹ ಓದಿ ಆ ಗಾಡಿ ಬ್ಯಾಡ ಅಂದಿದ್ದರು. "ಇದ್ದದ್ದು ಇದ್ದಂಗೆ ಇನ್ನೊಂದ್ಸಲ ಬರಿ" ಎಂದರು ಚಾಚಾ.

ಬರೆದೆ. ಸಂಪಾದಕರು ಓದಿ, ಪುಟದ ಕೆಳಗಿನ ಅರ್ಧದ ಮೇಲೆ ಬೆರಳಿಟ್ಟರು. ಅಲ್ಲಿ ಬೇರೊಂದು ಕಂಪನಿಯ ಷೋರೂಮಿನ ಜಾಹೀರಾತು. "ಇದು ಯಾರ್ದು ನೋಡಿದೀಯೇನು?" ಕೆಲಸ ಬಿಡುತ್ತೇನೆಂದು ಹೇಳಿಬಿಡಬೇಕೆನಿಸಿತು. ಅಪ್ಪನ ಮಂಡಿ ಸವೆದು ಆತ ಮನೆ ಹಿಡಿದಿದ್ದ. ಮನೆಗೆ ಬರುತ್ತಿದ್ದದ್ದು ನನ್ನದೊಂದೇ ಸಂಬಳ. ಬರೆದದ್ದನ್ನು ಮಡಚಿ ಜೇಬಿಗಿಟ್ಟುಕೊಂಡೆ.

ಕೊನೆಗೆ ರಿಯಾಜ್ ಕಾರು ಮಾರಾಟಕ್ಕಿಟ್ಟ. ಯಾರೂ ಕೇಳಲಿಲ್ಲ. ಗ್ಯಾರೇಜಿನ ಮುಂದೆ ನಿಲ್ಲಿಸಿದ್ದ ಅದನ್ನು ತೋರಿಸಿ ಚಾಚಾ ನನ್ನನ್ನೇ ಕೇಳಿದರು.

"ಅಪ್ಪನ್ನ ಆಸ್ಪತ್ರೆಗೆ ಆಟೋದಾಗೆ ಕರ್ಕೊಂಡು ಹೋಗ್ತೀಯ. ಇದನ್ನ ನೀನೇ ತಗೋ. ಕಂತಿನ್ಯಾಗೆ ಕೊಡು. ಎಂಜಿನ್ ಕೇಳು."

ಕೇಳಿದೆ. ಅವರೇ ಕಲಿಸಿದ ಕಿವಿ ಅದು. ತಪ್ಪು ಶಬ್ದ ಒಂದೂ ಇರಲಿಲ್ಲ.

"ಚಾಚಾ, ಬೈದು ಬರ್ದವನೇ ತಗೊಂಡ ಅಂತಾರೆ. ಆಫೀಸಿಗೆ ಹೆಂಗೆ ತಗೊಂಡು ಹೋಗ್ಲಿ?"

ಅವರು ಸಿಟ್ಟಾಗಲಿಲ್ಲ. ಎಂಜಿನ್ ಆರಿಸಿ, ಕಾರಿನ ಮೂತಿಯ ಬಟ್ಟೆ ತೆಗೆದರು. ಗೋಡೆಯ ಹತ್ತಿರ ಹೋಗಿ, ಆ ಬರಹದ ಮೇಲಿದ್ದ ನನ್ನ ಹೆಸರು ಮುಚ್ಚುವಂತೆ ಆ ಬಟ್ಟೆಯನ್ನು ಮೊಳೆಗೆ ಸಿಕ್ಕಿಸಿದರು.

"ನಾನೂ ಓದಿ ಅಂಟಿಸ್ಬೇಕಿತ್ತು, ತಮ್ಮಾ. ಮುಖ ನೋಡಿ ಮಣೆ ಹಾಕಿದೆ."

ನಾನು ಅವರನ್ನು ನೋಡಿದ್ದು ಅದೇ ಕೊನೆ. ಗ್ಯಾರೇಜ್ ಮುಚ್ಚಿ ಹರಿಹರದ ಮಗಳ ಮನೆಗೆ ಹೋದವರು ವರ್ಷದೊಳಗೆ ತೀರಿಕೊಂಡರೆಂದು ಅಪ್ಪನಿಂದ ತಿಳಿಯಿತು.

ವಾಹನ ಪುಟ ಈಗಲೂ ನನ್ನದೇ. ಮೇಲೆ ನನ್ನ ಹೆಸರು, ಕೆಳಗೆ ಅದೇ ಜಾಹೀರಾತು. ಕತ್ತರಿಸಿ ಅಂಟಿಸುವವರಿಲ್ಲ.