ಅಪ್ಪನ ಬಾಯಿ ಮೂಸುತ್ತಿದ್ದ ದಿನಗಳು

ಶಿಡ್ಲಘಟ್ಟದ ಕಡೆಯ ನಮ್ಮೂರಿನಲ್ಲಿ ರೇಷ್ಮೆ ಹುಳು ಸಾಕುವ ಕೋಣೆಗೆ ದೇವರ ಮನೆಗಿಂತ ಹೆಚ್ಚು ಮಡಿ. ಒಗ್ಗರಣೆ ಘಾಟು ಕೂಡ ಅತ್ತ ಸುಳಿಯಬಾರದು. ಬೀಡಿ, ಸಾರಾಯಿ ವಾಸನೆ ಬಡಿದರಂತೂ ಹುಳು ಸಾಯುತ್ತವೆ ಎಂದು ಎಲ್ಲರ ನಂಬಿಕೆ. ಹಾಗಾಗಿ ಅಮ್ಮ ಅಪ್ಪನನ್ನು ಆ ಕೋಣೆಯಿಂದ ಹೊರಗಿಟ್ಟಿದ್ದಳು. ನಮ್ಮದೋ ಎರಡೇ ಕೋಣೆಯ ಮನೆ, ಇನ್ನೊಂದಕ್ಕೆ ಹೋಗಲೂ ಹುಳುವಿನ ಕೋಣೆಯನ್ನೇ ದಾಟಬೇಕು. ಅಪ್ಪ ಜಗಲಿಯಲ್ಲೇ ಉಂಡು, ಜಗಲಿಯಲ್ಲೇ ಮಲಗುತ್ತಿದ್ದ. ಆ ಬೇಸರಕ್ಕೆ ಇನ್ನಷ್ಟು ಕುಡಿಯುತ್ತಿದ್ದ.

ಅರವತ್ತನೇ ಇಸವಿಯ ಆಸುಪಾಸಿನಲ್ಲಿ ಒಮ್ಮೆ ರಕ್ತ ಕಾರಿಕೊಂಡ. ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಸೇರಿಸಿದೆವು. ಹದಿನೈದು ದಿನವಾದ ಮೇಲೆ ಡಾಕ್ಟರು ಅಮ್ಮನನ್ನೂ ಹತ್ತು ವರ್ಷದ ನನ್ನನ್ನೂ ಎದುರಿಗೆ ಕೂರಿಸಿಕೊಂಡು, ಮನೆಯಲ್ಲಿ ಇವರಿಗೆ ಏನು ಕೆಲಸ ಎಂದು ಕೇಳಿದರು. ಏನೂ ಇಲ್ಲ ಎಂದಳು ಅಮ್ಮ. ನನ್ನ ಹತ್ತಿರದ ಔಷಧಿ ಮುಗಿಯಿತು, ಉಳಿದದ್ದು ನಿಮ್ಮ ಕೈಯಲ್ಲಿದೆ, ಕುಡಿದರೆ ಮಾಡಲಾಗದಂಥ ಕೆಲಸ ಕೊಡಿ ಎಂದರು. ಅಮ್ಮನಿಗೆ ಮೂಗಿನ ತುದಿಯಲ್ಲೇ ಕೋಪ. ಹುಟ್ಟುಗುಣ ಸುಟ್ಟರೂ ಹೋಗದು ಸ್ವಾಮಿ ಅಂದುಬಿಟ್ಟಳು. ವಾಪಸು ಬರುವಾಗ ಬಸ್ಸಿನಲ್ಲಿ ಮಾತ್ರ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಲೇ ಇದ್ದಳು.

ಮುಂದಿನ ಬೆಳೆಗೆ ಅಪ್ಪನಿಗೆ ಹುಳುಗಳಿಗೆ ಸೊಪ್ಪು ಹಾಕುವ ಕೆಲಸ ಬಂತು. ಆದರೆ ಅಮ್ಮನದೊಂದು ಕರಾರು. ದಿನಾ ಬೆಳಿಗ್ಗೆ ಅವನು ಸ್ನಾನ ಮಾಡಿ ಹೊಸ್ತಿಲಲ್ಲಿ ಬಗ್ಗಬೇಕು, ನಾನು ಬಾಯಿ ಮೂಸಿ ಒಳಗೆ ಬಿಡಬೇಕು. ನನಗೋ ಜಮಾದಾರನ ಗತ್ತು. ಮಗಳ ಮುಂದೆ ಅವನು ಕೈ ಕಟ್ಟಿ ಬಗ್ಗುತ್ತಿದ್ದುದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ. ಒಳಗೆ ಬಂದರೆ ಅವನ ಬೆರಳು ಎಷ್ಟು ಮೆತ್ತಗೆ ಕೆಲಸ ಮಾಡುತ್ತಿದ್ದವು! ಒಂದು ಹುಳುವೂ ನೋಯದಂತೆ ಎತ್ತಿಡುತ್ತಿದ್ದ.

ಪೊರೆ ಬಿಡುವ ಮೊದಲು ಹುಳು ತಿನ್ನದೆ ಮಲಗುವುದಕ್ಕೆ ನಾವು ಜ್ವರ ಎನ್ನುತ್ತೇವೆ. ನಾಲ್ಕನೇ ಜ್ವರ ಮುಗಿದು ಎದ್ದ ಹುಳುಗಳಿಗೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಅಂಥ ದಿನ ಅಪ್ಪ ಹೊಸ್ತಿಲಿಗೆ ಬರದೆ ಅಂಗಳದಲ್ಲೇ ನಿಂತ. ನಾನೇ ಹತ್ತಿರ ಹೋದರೆ ಮುಖ ತಿರುಗಿಸಿದ.

"ಬೇಡ ಕಣಮ್ಮ. ನಿನ್ನೆ ಸಂತೆಯಿಂದ ಬರ್ತಾ ಕುಡಿದ್ಬಿಟ್ಟೆ. ನಾನು ಒಳಕ್ಕೆ ಬರಲ್ಲ."

ನನಗೆ ಅಳುವೂ ಬಂತು, ಸಿಟ್ಟೂ ಬಂತು. ಇನ್ನು ಅಮ್ಮ ಜನ್ಮ ಜಾಲಾಡುತ್ತಾಳೆ ಅಂದುಕೊಂಡೆ. ಅವಳು ಸೊಪ್ಪಿನ ಪುಟ್ಟಿಯನ್ನು ನನ್ನ ಕೈಗೆ ಕೊಟ್ಟು, ಹೋಗಿ ಅವನ ಪಕ್ಕ ನಿಂತಳು.

"ಹುಳ ಸಾಯ್ತವೆ ಅಂತ ನೀವಾಗೇ ಹೊರಗೆ ನಿಂತ್ರಲ್ಲ, ಅಷ್ಟು ಸಾಕು" ಅಂದಳು. "ನಾಳೆ ಬನ್ನಿ. ನೀವಿಲ್ದೆ ನನ್ ಕೈಲಿ ಆಗಲ್ಲ."

ಅಪ್ಪ ಅಲ್ಲೇ ಕುಕ್ಕರುಗಾಲಲ್ಲಿ ಕೂತು ಅತ್ತುಬಿಟ್ಟ. ಪೂರ್ತಿ ಬಿಡಲು ಅವನಿಗೆ ಇನ್ನೂ ಎರಡು ವರ್ಷ ಹಿಡಿಯಿತು. ಕುಡಿದ ದಿನ ತಾನೇ ಬಂದು ಹೇಳುತ್ತಿದ್ದ. ನಾನಂತೂ ಆಮೇಲೆ ಒಂದು ದಿನವೂ ಅವನ ಬಾಯಿ ಮೂಸಲಿಲ್ಲ.