ಆರು ಗಂಟೆಯ ಊಟ

ಖಾನಾಪುರದವನಾದ ನಾನು ಮೂರು ವರ್ಷದಿಂದ ಬೆಳಗಾವಿಯಲ್ಲಿ, ಹೊತ್ತು ಮುಳುಗಿದ ಮೇಲೆ ಉಣ್ಣದ ಜೈನ ಅಜ್ಜಿಯೊಬ್ಬರ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದೇನೆ. ಅವರ ಗ್ಯಾಸ್ ಸಿಲಿಂಡರನ್ನು ಅಡುಗೆಮನೆಯ ಹೊಸ್ತಿಲ ತನಕ ಹೊರುವವನು ನಾನೇ. ಒಳಗೆ ಬಾ ಅಂದದ್ದಿಲ್ಲ.

ಮೊನ್ನೆ, ಇಲ್ಲಿ ಓದಲು ಬಂದ ಕೀನ್ಯಾದ ಹುಡುಗನೊಬ್ಬ ನನ್ನ ಪಕ್ಕದ ಕೋಣೆ ಕೇಳಿಕೊಂಡು ಬಾಗಿಲು ಬಡಿದ. ಅವನ ಇಂಗ್ಲಿಷನ್ನು ಅಜ್ಜಿಗೆ ತಿಳಿಸುವ ಕೆಲಸ ನನ್ನದಾಯಿತು.

“ಸಂಜಿಕ ಎಷ್ಟಕ್ಕ ಉಣ್ತಾನ, ಕೇಳೋ.”

“ಆರಕ್ಕಂತ್ರೀ, ಕತ್ತಲಾಗೂದ್ರೊಳಗ.”

“ನನ್ನ ಮೊಮ್ಮಕ್ಕಳ ಸೈತ ಹಿಂಗ ಉಣ್ಣೂದಿಲ್ಲ! ಒಳಗ ಬಾ ತಮ್ಮಾ, ಕುಂದ್ರು.”

ಅವನು ಅಡುಗೆಮನೆಯಲ್ಲಿ ಕೂತು ಬಿಸಿ ರೊಟ್ಟಿ ತಿಂದ. “ಇನ್ನೊಂದ ಹಾಕ್ಲೇನು?” ಎಂಬುದನ್ನೂ ನಾನೇ ಹೊಸ್ತಿಲಲ್ಲಿ ನಿಂತು, ಹೊಟ್ಟೆ ಉರಿದುಕೊಳ್ಳುತ್ತಾ, ಇಂಗ್ಲಿಷಿನಲ್ಲಿ ಹೇಳಿದೆ.

ಅವತ್ತಿನಿಂದ ನಾನೂ ಆರಕ್ಕೇ ಉಣ್ಣುತ್ತೇನೆ, ಬಾಗಿಲು ಪೂರ್ತಿ ತೆರೆದಿಟ್ಟು. ಅಜ್ಜಿಗೆ ಮೊಣಕಾಲು ನೋವು. ಮೇಲೆ ಹತ್ತುವುದೇ ಇಲ್ಲ.